ಐದು ವರ್ಷದ ಹಿಂದೆ ಹೊರಗೆ ಹೋದ ಹುಡುಗರು ಈಗ ಎಲ್ಲಿದ್ದಾರೆ?

ಮಾನ್ಯ ಸಂಪಾದಕರೇ,

ಅಪರಾಧ ಮಾಡಿ ಸಿಕ್ಕಿಬಿದ್ದ ಮಕ್ಕಳನ್ನು ತಿದ್ದುವ ಕಾರ್ಯಕ್ರಮಗಳ ಬಗ್ಗೆ ಸುದ್ದಿ ಬಂದರೆ ನಾನು ಬಿಡದೆ ಓದುತ್ತೇನೆ. ಅಂಥ ಒಂದು ಕೇಂದ್ರದಲ್ಲಿ ಕೆಲವು ವರ್ಷ ಪಾಠ ಹೇಳಿಕೊಟ್ಟವಳು ನಾನು. ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ಎಷ್ಟು ಮಕ್ಕಳು ತರಬೇತಿ ಮುಗಿಸಿದರು, ಎಷ್ಟು ಜನರಿಗೆ ಸರ್ಟಿಫಿಕೇಟ್ ಕೊಟ್ಟರು. ಆಮೇಲೆ ಅವರು ಏನಾದರು ಎಂದು ಯಾರೂ ಬರೆಯುವುದಿಲ್ಲ.

ನಮ್ಮ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಒಂದು ಲೆಕ್ಕ ಹಾಕುತ್ತಿದ್ದರು. ಬಿಡುಗಡೆಯಾದವರಲ್ಲಿ ಎಷ್ಟು ಜನ ಮತ್ತೆ ಇಲ್ಲಿಗೇ ಬಂದರು? ತೀರಾ ಕಡಿಮೆ. ಎಲ್ಲರಿಗೂ ಖುಷಿ, ನನಗೂ. ಆದರೆ ಹದಿನೇಳೂವರೆ ವಯಸ್ಸಿಗೆ ಹೊರಗೆ ಹೋದ ಹುಡುಗ ಮತ್ತೆ ಸಿಕ್ಕಿಬೀಳುವ ಹೊತ್ತಿಗೆ ಹದಿನೆಂಟು ದಾಟಿರುತ್ತಾನೆ. ಅವನನ್ನು ದೊಡ್ಡವರ ಜೈಲಿಗೆ ಕಳಿಸುತ್ತಾರೆ. ನಮ್ಮ ಪುಸ್ತಕದಲ್ಲಿ ಮಾತ್ರ ಅವನು ಸುಧಾರಿಸಿದವನೇ! ಇದು ನನಗೆ ಹೊಳೆದದ್ದು ತುಂಬಾ ತಡವಾಗಿ. ಇವತ್ತಿಗೂ ಅದು ಮನಸ್ಸನ್ನು ಕೊರೆಯುತ್ತದೆ.

ಬೇರೆ ಊರಲ್ಲಿ ಸಿಕ್ಕಿಬಿದ್ದವರು, ಸಿಕ್ಕಿಬೀಳದೇ ಇರುವವರು ಕೂಡ ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಒಂದು ಮಾತಿದೆ. ಹದಿಹರೆಯದ ಕೊನೆಗೆ ಅಪರಾಧ ಹೆಚ್ಚಾಗಿ, ಇಪ್ಪತ್ತು ದಾಟಿದ ಮೇಲೆ ಬಹಳ ಮಂದಿಯಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಿರುವಾಗ ಹುಡುಗ ಸರಿಹೋದದ್ದು ಕಾರ್ಯಕ್ರಮದಿಂದಲೋ, ವಯಸ್ಸಿನಿಂದಲೋ? ಕಾರ್ಯಕ್ರಮಕ್ಕೆ ಸೇರದ, ಅದೇ ತರಹದ ಹುಡುಗರ ಜೊತೆ ಹೋಲಿಸದೆ ಇದನ್ನು ಹೇಳಲು ಆಗುವುದೇ ಇಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಶುರುವಾದ ಕೇಂಬ್ರಿಜ್-ಸೊಮರ್‌ವಿಲ್ ಅಧ್ಯಯನವನ್ನು ಈ ಕೆಲಸದಲ್ಲಿರುವ ಎಲ್ಲರೂ ಓದಬೇಕು. ದಾರಿ ತಪ್ಪಬಹುದು ಅನ್ನಿಸಿದ ಹುಡುಗರನ್ನೂ ಉಳಿದವರನ್ನೂ ಸೇರಿಸಿ, ಒಂದೇ ತರಹದ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಜೋಡಿಯಲ್ಲಿ ಒಬ್ಬನಿಗೆ ಸುಮಾರು ಐದು ವರ್ಷ ಎಲ್ಲ ನೆರವು: ಮನೆಗೆ ಬಂದು ಮಾತಾಡಿಸುವ ಸಲಹೆಗಾರ, ಪಾಠ, ವೈದ್ಯರು, ಬೇಸಿಗೆ ಶಿಬಿರ. ಇನ್ನೊಬ್ಬನಿಗೆ ಏನೂ ಇಲ್ಲ. ಮೂವತ್ತು ವರ್ಷ ಆದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ 506 ಜನರನ್ನು ಹುಡುಕಿದರು. ನೆರವು ಪಡೆದವರಲ್ಲಿ ಹೆಚ್ಚಿನವರು ‘ನನಗೆ ಒಳ್ಳೆಯದಾಯಿತು’ ಎಂದೇ ಹೇಳಿದರು. ಆದರೆ 1978ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಇತ್ತು. ಅಪರಾಧ ಕಡಿಮೆ ಆಗಿರಲಿಲ್ಲ. ಒಮ್ಮೆ ಅಪರಾಧ ಮಾಡಿದವರು ಮತ್ತೊಮ್ಮೆ ಮಾಡಿದ್ದು, ಕುಡಿತಕ್ಕೆ ಬಿದ್ದದ್ದು ನೆರವು ಪಡೆದವರಲ್ಲೇ ಜಾಸ್ತಿ. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ ಅದು. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ, ಮೂವತ್ತು ವರ್ಷ ಕಾಯದಿದ್ದರೆ, ಅದನ್ನು ಯಶಸ್ಸು ಎಂದೇ ಬರೆದಿಡುತ್ತಿದ್ದರು ಅಲ್ವಾ?

ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮವೂ 1970ರ ದಶಕದಲ್ಲಿ ನ್ಯೂಜೆರ್ಸಿಯಿಂದ ಹೀಗೇ ಹೆಸರು ಮಾಡಿತು. ಹೋಲಿಸಿ ನೋಡಿದಾಗ, ಜೈಲು ನೋಡಿ ಬಂದವರೇ ಜಾಸ್ತಿ ಅಪರಾಧ ಮಾಡಿದ್ದರು.

ಹಾಗಾಗಿ ಕನಿಷ್ಠ ಇಪ್ಪತ್ತೈದು ವಯಸ್ಸಿನವರೆಗೆ ಈ ಮಕ್ಕಳ ಬದುಕನ್ನು ಗಮನಿಸಬೇಕು. ಬರೀ ಮರುಬಂಧನ ಎಣಿಸಿದರೆ ಸಾಲದು. ಕಳ್ಳತನದಲ್ಲಿ ಮೂರು ಸಲ ಸಿಕ್ಕಿಬಿದ್ದವನು ಎರಡು ವರ್ಷಕ್ಕೊಮ್ಮೆ ಚಿಕ್ಕ ಜಗಳ ಮಾಡಿಕೊಂಡರೆ ಅದೂ ಬದಲಾವಣೆಯೇ. ಓದು ಮುಂದುವರಿಯಿತೇ, ಕೆಲಸದಲ್ಲಿ ನಿಂತನೇ, ಇರಲು ಮನೆ ಇದೆಯೇ, ಕಷ್ಟ ಬಂದರೆ ಫೋನ್ ಮಾಡಲು ಒಬ್ಬ ಹಿರಿಯರು ಇದ್ದಾರೆಯೇ? ಇವೆಲ್ಲ ಲೆಕ್ಕಕ್ಕೆ ಬರಲಿ. ಮಧ್ಯದಲ್ಲೇ ಬಿಟ್ಟುಹೋದವರನ್ನೂ ಸೇರಿಸಿಯೇ ಎಣಿಸಬೇಕು.

ಹಾಗಂತ ಹಿಂಬಾಲಿಸುವುದೇ ಅವರಿಗೆ ಕಳಂಕ ಆಗಬಾರದು. ಹಳೆಯದನ್ನು ಮರೆತು ಬಾಳುತ್ತಿರುವ ಹುಡುಗನ ಬಾಗಿಲಿಗೆ ಯಾರೋ ಫೈಲ್ ಹಿಡಿದು ಹೋಗಿ ನಿಂತರೆ ನೆರೆಹೊರೆಗೆ ಎಲ್ಲ ಗೊತ್ತಾಗುತ್ತದೆ. ಅವನ ಒಪ್ಪಿಗೆ ಬೇಕು, ಹೆಸರಿನ ಬದಲು ಸಂಖ್ಯೆ ಇರಬೇಕು. ಇದಕ್ಕೆ ಬೇಕಾದ ಹಣವನ್ನು ಕಾರ್ಯಕ್ರಮ ಶುರುವಾಗುವ ದಿನವೇ ತೆಗೆದಿಡಬೇಕು. ಕೊನೆಯಲ್ಲಿ ಅದಕ್ಕೆ ಹಣ ಉಳಿದದ್ದನ್ನು ನಾನಂತೂ ನೋಡಿಲ್ಲ.

ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಸಮಾರಂಭಕ್ಕೆ ಹೋದಾಗ, ಐದು ವರ್ಷದ ಹಿಂದಿನ ತಂಡದ ಮಕ್ಕಳು ಈಗ ಎಲ್ಲಿದ್ದಾರೆ ಎಂದು ದಯವಿಟ್ಟು ಕೇಳಿ. ಸಿಕ್ಕ ಉತ್ತರವನ್ನು ಹಾಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗಿ, ಮಾಜಿ ಶಿಕ್ಷಕಿ