ಯಾರೂ ನೆನೆಯದ ‘ನೇವಿ ಬ್ಲೂ ಆ್ಯಂಡ್ ಗೋಲ್ಡ್’

ಮಾನ್ಯರೇ,

ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ಹೆಸರು ಬಂದರೆ ನಿರ್ದೇಶಕ ಹಿಚ್‌ಕಾಕ್ ಚಿತ್ರಗಳದ್ದೇ ಮಾತು. 1937ರಲ್ಲಿ ಎಂಜಿಎಂ ಸ್ಟುಡಿಯೊಗಾಗಿ ಸ್ಯಾಮ್ ವುಡ್ ನಿರ್ದೇಶಿಸಿದ, ಸ್ಟುವರ್ಟ್ ನಟಿಸಿದ ‘ನೇವಿ ಬ್ಲೂ ಆ್ಯಂಡ್ ಗೋಲ್ಡ್’ ಯಾರಿಗೂ ನೆನಪಾಗುವುದಿಲ್ಲ. ಅಮೆರಿಕದ ಅನಾಪೊಲಿಸ್ ನೌಕಾ ಅಕಾಡೆಮಿ ಸೇರುವ ಮೂವರು ಕೆಡೆಟ್‌ಗಳ ಕಥೆಯಿದು. ರಾಬರ್ಟ್ ಯಂಗ್‌ನದು ಸ್ವಾರ್ಥಿಯ ಪಾತ್ರ, ಟಾಮ್ ಬ್ರೌನ್ ಸಿರಿವಂತರ ಮಗ, ಸ್ಟುವರ್ಟ್ ಸಾಮಾನ್ಯ ನಾವಿಕನಾಗಿ ದುಡಿದು ಬಂದವನು. ತಂದೆಯನ್ನು ನೌಕಾಪಡೆ ಕಳಂಕ ಹೊರಿಸಿ ವಜಾ ಮಾಡಿದ್ದರಿಂದ ಬೇರೆ ಹೆಸರಿನಲ್ಲಿ ಸೇರಿರುತ್ತಾನೆ. ತರಗತಿಯಲ್ಲಿ ತಂದೆಯ ಪ್ರಸ್ತಾಪ ಬಂದಾಗ ಅವನು ಸಿಡಿದೇಳುವ ದೃಶ್ಯಕ್ಕಾದರೂ ಈ ಚಿತ್ರ ನೋಡಬೇಕು. ಕೊನೆಯ ಆರ್ಮಿ–ನೇವಿ ಫುಟ್‌ಬಾಲ್ ಪಂದ್ಯ ಮಾತ್ರ ಊಹಿಸಿದಂತೆಯೇ ಮುಗಿಯುತ್ತದೆ. (ಅದು ಅಮೆರಿಕನ್ ಫುಟ್‌ಬಾಲ್, ಚೆಂಡು ಕೈಯಲ್ಲಿ ಹಿಡಿದು ಓಡಿದರೆ ಗಾಬರಿ ಬೇಡ.)

ಚಿತ್ರಸಂಘಗಳು ಇಂಥ ಚಿತ್ರ ತೋರಿಸುವಾಗ ಒಂದು ಎಚ್ಚರ ಅಗತ್ಯ. ಆ ಕಾಲದ ಚಿತ್ರಗಳ ಚೌಕಟ್ಟಿನ ಅಗಲ–ಎತ್ತರದ ಅನುಪಾತ 1.37:1. ಅದನ್ನು ಅಗಲದ ಪರದೆಗೆ ಎಳೆದರೆ ಮುಖಗಳು ಊದಿಕೊಳ್ಳುತ್ತವೆ, ಜೂಮ್ ಮಾಡಿದರೆ ತಲೆ ಕತ್ತರಿಸಿಹೋಗುತ್ತದೆ. 4:3ಕ್ಕೆ ಇಟ್ಟು, ಮೋಷನ್ ಸ್ಮೂದಿಂಗ್ (ಟಿವಿ ತಾನೇ ನಡುವೆ ಫ್ರೇಮ್‌ ಸೇರಿಸುವ ವ್ಯವಸ್ಥೆ) ಆಫ್ ಮಾಡಿ. ಇಲ್ಲದಿದ್ದರೆ ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಎರಡೂ ಬದಿ ಉಳಿಯುವ ಕಪ್ಪು ಪಟ್ಟಿ ದೋಷವಲ್ಲ.

– ಒಬ್ಬ ಓದುಗ