18 ಮೀಟರ್ ಆಳಕ್ಕೆ ಇಳಿಯಲು ಜೊತೆಯಾದವರಿಗೆ

ಕಳೆದ ಭಾನುವಾರ ನನ್ನ ಸ್ಕೂಬಾ ಡೈವಿಂಗ್ ತರಬೇತಿಯ ಕೊನೆಯ ಪರೀಕ್ಷೆ ಮುಗಿದು, ಈ ವಿದ್ಯೆಯ ಆರಂಭಿಕ ಹಂತವಾದ ಓಪನ್ ವಾಟರ್ ಡೈವರ್ ಪ್ರಮಾಣಪತ್ರಕ್ಕೆ ನಾನು ಅರ್ಹಳೆಂದು ತರಬೇತುದಾರರು ಸಹಿ ಹಾಕಿದರು. 21ನೇ ವಯಸ್ಸಿನಲ್ಲಿ ಅರ್ಧಕ್ಕೆ ಬಿಟ್ಟಿದ್ದನ್ನು 44ನೇ ವಯಸ್ಸಿನಲ್ಲಿ ಪೂರೈಸಿದ್ದೇನೆ. ಅಂದು ನಡೆದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಕಣ್ಣು ಮತ್ತು ಮೂಗನ್ನು ಮುಚ್ಚುವ ಮಾಸ್ಕನ್ನು ನೀರಿನೊಳಗೆ ತೆಗೆದು ಮತ್ತೆ ಹಾಕಿಕೊಳ್ಳುವ ಅಭ್ಯಾಸದಲ್ಲಿ ಎಡವಿದ ನನ್ನನ್ನು ಅಂದಿನ ತರಬೇತುದಾರರು ಎಲ್ಲರೆದುರು ಗದರಿದರು, ನಾನು ಈಜುಕೊಳದ ಮೆಟ್ಟಿಲು ಹತ್ತಿ ಹೊರಟುಹೋದೆ ಎಂದಷ್ಟು ಹೇಳಿದರೆ ಸಾಕು.

ಆರೋಗ್ಯ ಪ್ರಶ್ನಾವಳಿಯಲ್ಲಿ ನಾನು ‘ಹೌದು’ ಎಂದು ಗುರುತು ಹಾಕಿದ ಒಂದೊಂದು ಸಾಲನ್ನೂ ಕೂರಿಸಿಕೊಂಡು ವಿಚಾರಿಸಿ, ಕಿವಿ ಮತ್ತು ಶ್ವಾಸಕೋಶಗಳನ್ನು ಪರೀಕ್ಷಿಸಿ ಅನುಮತಿ ಕೊಟ್ಟ ವೈದ್ಯರಿಗೆ, ನಿಲ್ಲದೆ 200 ಮೀಟರ್ ಈಜಲು ಮತ್ತು 10 ನಿಮಿಷ ತೇಲಲು ನನ್ನನ್ನು ಅಣಿಗೊಳಿಸಿದ ಈಜು ಗುರುಗಳಿಗೆ, ನನ್ನ ಪಾಲಿನ ಕೆಲಸವನ್ನು ತಾವೇ ಹಂಚಿಕೊಂಡ ಸಹೋದ್ಯೋಗಿಗಳಿಗೆ, ತಮಗಿಂತ ಇಪ್ಪತ್ತು ವರ್ಷ ಹಿರಿಯಳಾದ ನನ್ನನ್ನು ಹೊರಗಿನವಳೆಂದು ಒಮ್ಮೆಯೂ ಕಾಣದ ಸಹಪಾಠಿಗಳಿಗೆ, ಬೋಟಿನ ಸಿಬ್ಬಂದಿಗೆ ಮತ್ತು ಮನೆಯವರೆಲ್ಲರಿಗೆ ನನ್ನ ಹೃತ್ಪೂರ್ವಕ ವಂದನೆಗಳು.

ಈ ಬಾರಿಯ ತರಬೇತುದಾರರಿಗೆ ಒಂದೇ ಸಾಲಿನಲ್ಲಿ ವಂದನೆ ಹೇಳಿ ಮುಗಿಸಲಾರೆ. ಹಳೆಯ ಅಭ್ಯಾಸ ಯಾವುದೂ ಲೆಕ್ಕಕ್ಕೆ ಬಾರದೆ ಮೊದಲ ಪಾಠದಿಂದಲೇ ಶುರುಮಾಡಬೇಕಾಗಿದ್ದ ನನಗೆ ಅವರು ಉಪಕರಣಗಳನ್ನು ತೋರಿಸುವ ಮೊದಲೇ ಒಂದು ನಿಯಮವನ್ನು ತಿಳಿಸಿದರು: ಯಾವ ಡೈವರ್ ಆದರೂ, ಯಾವ ಡೈವನ್ನಾದರೂ, ಯಾವ ಗಳಿಗೆಯಲ್ಲಾದರೂ ಬೇಡವೆನ್ನಬಹುದು ಮತ್ತು ಅದಕ್ಕೆ ಯಾರೂ ಕಾರಣ ಕೇಳುವಂತಿಲ್ಲ. ಕಡಲಿನ ನಾಲ್ಕು ಡೈವ್‌ಗಳ ಪೈಕಿ ಎರಡನೆಯದರಲ್ಲಿ, 6 ಮೀಟರ್ ಆಳದಲ್ಲಿ, ಮಾಸ್ಕ್ ಒಳಗೆ ನೀರು ಬಂದ ಕೂಡಲೇ ನಾನು ಎಲ್ಲವನ್ನೂ ಮರೆತು ಕಾಲು ಬಡಿಯುತ್ತಾ ಮೇಲಕ್ಕೆ ಹೊರಟೆ. ಅವರು ನನ್ನ ಭುಜದ ಪಟ್ಟಿಯನ್ನು ಹಿಡಿದು ನಿಲ್ಲಿಸಿದರು. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿ ಇರುವುದರ ಎರಡರಷ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಅದೇ ಗಾಳಿ ಹಿಗ್ಗುತ್ತಾ ಶ್ವಾಸಕೋಶವನ್ನೇ ಹರಿಯಬಲ್ಲದು. ಉಸಿರು ಕಟ್ಟಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠವಾಗಿರುವುದು ಅದಕ್ಕಾಗಿಯೇ. ಅವರು ನನ್ನ ಕಣ್ಣುಗಳನ್ನೇ ನೋಡುತ್ತಾ, ತಮ್ಮ ಬಾಯಿಯ ಬಳಿಯಿಂದ ಅಂಗೈಯನ್ನು ನಿಧಾನವಾಗಿ ಮುಂದಕ್ಕೆ ಸರಿಸಿ ‘ಉಸಿರು ಬಿಡಿ’ ಎಂದು ಸೂಚಿಸಿದರು. ನಾನು ಬಿಡುವವರೆಗೂ ಬಿಡದೆ ಸೂಚಿಸಿದರು. ಬೋಟಿನ ಮೇಲೆ ಅವರು ಆಡಿದ್ದು ಒಂದೇ ಮಾತು: “ನಾಳೆ ನೋಡೋಣ. ಬೇಡವೆನಿಸಿದರೆ ಅದೂ ಸರಿಯೇ.”

ಆದರೆ ಆ ನಾಳೆ ಬರುವ ಮೊದಲು ಒಂದು ರಾತ್ರಿ ಇತ್ತು. ಆ ರಾತ್ರಿ ನನ್ನ ಜೊತೆ ಇದ್ದವಳು ಅಕ್ಕ.

ಅಕ್ಕನಿಗೆ ಈಜು ಬಾರದು. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಅವಳು ಹಿಂದೆ ಸರಿಯುತ್ತಾಳೆ. ನನ್ನೊಬ್ಬಳನ್ನೇ ಕಳುಹಿಸಬಾರದೆಂಬ ಒಂದೇ ಕಾರಣಕ್ಕೆ ರಜೆ ಹಾಕಿ ಬಂದಿದ್ದಳು. ಆ ರಾತ್ರಿ ಹತ್ತೂವರೆಯ ಹೊತ್ತಿಗೆ ನಾನು ಬಚ್ಚಲುಮನೆಯ ನೆಲದ ಮೇಲೆ ಕುಳಿತು, ಅಷ್ಟು ವಯಸ್ಸಿನವಳು ಅಳಬಾರದಷ್ಟು ಅತ್ತೆ. ಸೋತೆನೆಂದು ಅತ್ತದ್ದಲ್ಲ. ಇಪ್ಪತ್ತಮೂರು ವರ್ಷಗಳ ಕಾಲ ನನ್ನ ಭಯವನ್ನು ನಾನೇ ಒಂದು ನೆಪವೆಂದು ನಂಬಿ, ಅದಕ್ಕಾಗಿ ನನ್ನನ್ನು ನಾನೇ ಹೀನಾಯವಾಗಿ ಕಂಡಿದ್ದೆ. ಅದೆಲ್ಲ ಒಟ್ಟಿಗೆ ಉಕ್ಕಿ ಬಂತು.

ಏನೂ ಆಗುವುದಿಲ್ಲವೆಂದು ಅವಳು ಹೇಳಲಿಲ್ಲ. ನನ್ನೆದುರಿಗೆ ನೆಲದ ಮೇಲೆಯೇ ಕುಳಿತು, “ಮೂಗಿಗೆ ನೀರು ಬಂದಾಗ ಏನಾಗುತ್ತೆ, ನನಗೆ ಅರ್ಥವಾಗೋ ಹಾಗೆ ಹೇಳು” ಎಂದಳು. ಬಾಯಲ್ಲಿ ಗಾಳಿ ಇದ್ದರೂ ಮೂಗಿಗೆ ನೀರು ಸೋಕಿದ ಕ್ಷಣ ಗಂಟಲು ಮುಚ್ಚಿಕೊಂಡಂತಾಗುತ್ತದೆ, ಆಮೇಲೆ ತಿಳಿಯದೆಯೇ ಮೂಗಿನಿಂದ ಉಸಿರೆಳೆಯುತ್ತೇನೆ ಎಂದೆ. ಇದನ್ನು ಅಷ್ಟು ಸ್ಪಷ್ಟವಾಗಿ ನಾನು ಯಾರಿಗೂ, ನನಗೆ ನಾನೂ, ಅದಕ್ಕೆ ಮೊದಲು ಹೇಳಿರಲಿಲ್ಲ. ಅವಳು ಎದ್ದು ಅಗಲವಾದ ಬೋಗುಣಿಯೊಂದನ್ನು ತಂದು ನೀರು ತುಂಬಿಸಿದಳು. ಮಾಸ್ಕ್ ಇಲ್ಲದೆ, ಬಾಯಿಂದ ಉಸಿರಾಡುವ ಕೊಳವೆಯಾದ ಸ್ನಾರ್ಕೆಲ್ ಮಾತ್ರ ಕಚ್ಚಿಕೊಂಡು ನಾನು ಮುಖ ಮುಳುಗಿಸಬೇಕು. ಅವಳು ಬೆನ್ನ ಮೇಲೆ ಅಂಗೈ ಇಟ್ಟು ಎಣಿಸಬೇಕು. ಮೊದಲ ಸಲ ನಾಲ್ಕರವರೆಗೆ ಎಣಿಸುವುದರೊಳಗೆ ತಲೆ ಎತ್ತಿದೆ. ಎರಡನೆಯ ಸಲ ಆರು.

ಹತ್ತನೆಯ ಸಲವೋ ಏನೋ ನಾನು ಕೆಮ್ಮುತ್ತಾ ಎದ್ದಾಗ ಅವಳು ನನ್ನ ಕೈಯಿಂದ ಸ್ನಾರ್ಕೆಲ್ ತೆಗೆದುಕೊಂಡು, ತೊಳೆದು, ತಾನೇ ಕಚ್ಚಿಕೊಂಡು ಬೋಗುಣಿಯೊಳಗೆ ಮುಖವಿಟ್ಟಳು. ಎರಡು ಉಸಿರು, ಅಷ್ಟೇ. ಕೂದಲೆಲ್ಲ ಕೆನ್ನೆಗೆ ಅಂಟಿಕೊಂಡು, ಮೂಗಿನಿಂದ ನೀರಿಳಿಯುತ್ತಾ ಎದ್ದವಳು ಸ್ವಲ್ಪ ಹೊತ್ತು ಸುಧಾರಿಸಿಕೊಂಡು, “ಸುಲಭ ಅಲ್ಲ ಕಣೇ ಇದು. ನೀನು ಹೇಳಿದ್ದು ನಿಜ” ಎಂದಳು. ಇದೇನು ಮಹಾ ಎಂದವರನ್ನೇ ಅಷ್ಟು ವರ್ಷ ಕಂಡಿದ್ದ ನನಗೆ, ನನ್ನ ಭಯವನ್ನು ತಿಳಿಯಲೆಂದು ನೀರಿಗೆ ಮುಖವಿಟ್ಟ ಮೊದಲ ವ್ಯಕ್ತಿ ಅವಳು. ಬೆಳಿಗ್ಗೆ ಬೇಡವೆನಿಸಿದರೆ ಊರಿಗೆ ಹೊರಟುಬಿಡೋಣ, ಯಾರಾದರೂ ಕೇಳಿದರೆ ನನಗೇ ಹುಷಾರಿಲ್ಲ ಎನ್ನುತ್ತೇನೆ ಎಂದೂ ಹೇಳಿದಳು. ಆ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಎಣಿಕೆ ಏರತೊಡಗಿತು. ಎರಡು ಗಂಟೆಯ ಹೊತ್ತಿಗೆ ಮೂರು ನಿಮಿಷ ಪೂರ್ತಿ ಮುಖ ಮುಳುಗಿಸಿ, ಬಾಯಿಂದಷ್ಟೇ ಉಸಿರಾಡುತ್ತಾ ಇರಲು ನನಗೆ ಸಾಧ್ಯವಾಗಿತ್ತು. ಅಷ್ಟು ಹೊತ್ತೂ ಅವಳ ಅಂಗೈ ಬೆನ್ನ ಮೇಲಿಂದ ಕದಲಿರಲಿಲ್ಲ.

ಮರುದಿನ ಮರಳಿನ ಮೇಲೆ ಮೊಣಕಾಲೂರಿ ನಾನು ಮಾಸ್ಕ್ ತೆಗೆದೆ. ಉಪ್ಪುನೀರಿಗೆ ಕಣ್ಣು ಉರಿಯಿತು, ಎದುರಿಗಿದ್ದ ತರಬೇತುದಾರರು ಬರಿಯ ನೆರಳಾದರು. ಒಳಗೊಳಗೇ ಅಕ್ಕನ ದನಿಯಲ್ಲಿ ಎಣಿಸಿದೆ. ಮಾಸ್ಕನ್ನು ಮತ್ತೆ ಹಾಕಿ, ಮೇಲಂಚನ್ನು ಬೆರಳಿನಿಂದ ಒತ್ತಿಹಿಡಿದು, ತಲೆಯನ್ನು ಹಿಂದಕ್ಕೆ ವಾಲಿಸಿ ಮೂಗಿನಿಂದ ಉಸಿರು ಬಿಟ್ಟಾಗ ನೀರೆಲ್ಲ ಕೆಳಗಿನಿಂದ ಹೊರಟುಹೋಯಿತು.

ಕೊನೆಯ ಡೈವ್‌ನಲ್ಲಿ ಈ ಹಂತದವರಿಗೆ ಅನುಮತಿಸಿರುವ 18 ಮೀಟರ್‌ವರೆಗೂ ಇಳಿದೆ. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನು ನುಂಗುವುದರಿಂದ ನನ್ನ ಕೆಂಪು ಪಟ್ಟಿ ಅಲ್ಲಿ ಕಂದಾಗಿ ಕಂಡಿತು. ಮರಳುವಾಗ 5 ಮೀಟರ್ ಆಳದಲ್ಲಿ ನಿಯಮದಂತೆ 3 ನಿಮಿಷ ನಿಂತಿದ್ದಾಗ ತಲೆಯ ಮೇಲೆ ಬೋಟಿನ ತಳ ಕಾಣುತ್ತಿತ್ತು. ಅದರ ಅಂಚಿನಲ್ಲಿ ಅಕ್ಕ ಕೈಗಡಿಯಾರ ನೋಡುತ್ತಾ ಕುಳಿತಿದ್ದಾಳೆಂದು ನನಗೆ ಗೊತ್ತಿತ್ತು.

ಡೈವ್‌ಗಳ ವಿವರ ಬರೆದಿಡುವ ನನ್ನ ಲಾಗ್‌ಬುಕ್‌ನ ಆ ಪುಟದಲ್ಲಿ ತರಬೇತುದಾರರ ಸಹಿ ಇದೆ, ನನ್ನೊಂದಿಗೆ ಇಳಿದ ಜೊತೆಗಾರನ ಸಹಿ ಇದೆ. ಇಳಿದ ಸಮಯ ಮತ್ತು ಮೇಲೆ ಬಂದ ಸಮಯದ ಎರಡು ಸಾಲುಗಳು ಮಾತ್ರ ಅಕ್ಕನ ಕೈಬರಹದಲ್ಲಿವೆ.