ಗಾರೆಯಿಲ್ಲದ ಗೋಡೆಯ ಊರುಗಳಿಂದ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. "ಬಣ್ಣದ ಮನೆಗಳ ಫೋಟೋ ಸಾಕು ಮಾರಾಯ, ನಡೆದದ್ದು ಹೇಗಿತ್ತು ಹೇಳು" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದರಲ್ಲೂ ಒಂದು ಸಂಗತಿಯನ್ನು ನಿನಗೇ ಹೇಳಬೇಕು. ಹೋದ ಮಳೆಗಾಲದಲ್ಲಿ ಬಿರುಕು ಬಿಟ್ಟ ನಿನ್ನ ತೋಟದ ಧರೆಯ ಗೋಡೆ ಆ ಐದೂ ದಿನ ನನ್ನ ಕಣ್ಣ ಮುಂದೆ ಇತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾವು ಹೋದದ್ದು ಇಟಲಿಯ ಲಿಗೂರಿಯಾ ಕರಾವಳಿಗೆ. ಚಿಂಕ್ವೆ ತೆರ್ರೆ ಅನ್ನುತ್ತಾರೆ. ಚಿಂಕ್ವೆ ಅಂದರೆ ಐದು, ತೆರ್ರೆ ಅಂದರೆ ನೆಲ, ಸೀಮೆ. ಲಾ ಸ್ಪೆತ್ಸಿಯಾ ಪಟ್ಟಣದ ಕಡೆಯಿಂದ ಬಂದರೆ ಮೊದಲು ರಿಯೊಮಜ್ಜೋರೆ, ಆಮೇಲೆ ಮನರೋಲಾ, ಕೊರ್ನೀಲಿಯಾ, ವೆರ್ನಾತ್ಸಾ, ಕೊನೆಗೆ ಮೊಂತೆರೊಸ್ಸೊ. ಕರಾವಳಿಗುಂಟ ಹೋಗುವ ಕಾಲುದಾರಿ ಎಲ್ಲ ಸೇರಿ 12 ಕಿಲೋಮೀಟರ್ ಅಷ್ಟೇ. ಅಷ್ಟಕ್ಕೆ ಐದು ದಿನ ಯಾಕೆ ಬೇಕು ಅಂತ ಕೇಳಬೇಡ. ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್‌ಗೆ ಗುಡ್ಡ ಹತ್ತಿ ಇಳಿದಿದ್ದೆವಲ್ಲ, ಅಂಥ ಗುಡ್ಡವನ್ನೇ ನಾಲ್ಕೈದು ಪಟ್ಟು ಎತ್ತರಕ್ಕೆ ಏರಿಸಿ ನೇರ ಸಮುದ್ರಕ್ಕೆ ಇಳಿಬಿಟ್ಟರೆ ಹೇಗಿರುತ್ತದೋ ಹಾಗಿದೆ. ಸಮತಟ್ಟು ಜಾಗ ಅನ್ನುವುದೇ ಇಲ್ಲ. ಊರೊಳಗೆ ಕಾರು ಬರುವುದಿಲ್ಲ. ರೈಲು ಮಾತ್ರ ಗುಡ್ಡದ ಹೊಟ್ಟೆಯೊಳಗಿಂದ ಹೊರಗೆ ಬಂದು, ಒಂದು ಸ್ಟೇಶನ್ ತೋರಿಸಿ, ಮತ್ತೆ ಸುರಂಗಕ್ಕೆ ನುಗ್ಗುತ್ತದೆ. ಆ ಹಳಿ 1874ರಷ್ಟು ಹಿಂದಿನದು. ಅದಕ್ಕೂ ಮೊದಲು ಇಲ್ಲಿಯವರಿಗೆ ದೋಣಿ ಬಿಟ್ಟರೆ ಈ ಕಾಲುದಾರಿಗಳೇ ಗತಿ.

ಮೊದಲ ದಿನ ರಿಯೊಮಜ್ಜೋರೆಯಿಂದ ಮನರೋಲಾಕ್ಕೆ ನಡೆದೆವು. ಒಂದು ಕಿಲೋಮೀಟರಿಗೂ ಕಡಿಮೆ. ಬಂಡೆ ಕೊರೆದು ಮಾಡಿದ ಚಪ್ಪಟೆ ದಾರಿ. ಪ್ರೀತಿಯ ದಾರಿ ಅಂತ ಅದಕ್ಕೆ ಹೆಸರು. 2012ರಲ್ಲಿ ಮೇಲಿನಿಂದ ಕಲ್ಲು ಬಿದ್ದು ಪ್ರವಾಸಿಗಳಿಗೆ ಪೆಟ್ಟಾಯಿತು. ಆಗ ಮುಚ್ಚಿದ ದಾರಿ ಪೂರ್ತಿ ತೆರೆದದ್ದು 2024ರಲ್ಲಿ. ಈಗ ತಲೆಯ ಮೇಲೆ ಉಕ್ಕಿನ ಬಲೆ ಹಾಸಿದ್ದಾರೆ. ಮುಂಚೆಯೇ ಹೊತ್ತು ಗೊತ್ತು ಮಾಡಿಕೊಂಡು ಟಿಕೆಟ್ ತೆಗೆದಿರಬೇಕು. ಚೆನ್ನಾಗಿದೆ, ಆದರೆ ನನಗೆ ಅದು ಜಾಸ್ತಿ ಹಿಡಿಸಲಿಲ್ಲ. ಅರ್ಧ ಗಂಟೆಯೊಳಗೆ ಮುಗಿದುಹೋಯಿತು.

ನಿಜವಾದ ನಡಿಗೆ ಸಿಕ್ಕಿದ್ದು ಎರಡನೇ ದಿನ. ಮನರೋಲಾದಿಂದ ಕೊರ್ನೀಲಿಯಾಕ್ಕೆ ಕೆಳಗಿನ ದಾರಿ ಗುಡ್ಡ ಜರಿದು ಬಂದ್ ಆಗಿದೆ. ಹಾಗಾಗಿ ಮೇಲೆ ವೊಲಾಸ್ತ್ರಾ ಅನ್ನುವ ಹಳ್ಳಿಗೆ ಹತ್ತಿ, ಅಲ್ಲಿಂದ ಅಡ್ಡಕ್ಕೆ ನಡೆದು, ಮತ್ತೆ ಇಳಿಯಬೇಕು. ಸಾವಿರಕ್ಕೂ ಜಾಸ್ತಿ ಕಲ್ಲಿನ ಮೆಟ್ಟಿಲು. ಬೆಳಿಗ್ಗೆ ಏಳಕ್ಕೇ ಹೊರಟಿದ್ದೆವು, ಆದರೂ ಮೇಲೆ ಮುಟ್ಟುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ಒಂದು ಹಳೇ ಚರ್ಚಿನ ಕಟ್ಟೆಯ ಮೇಲೆ ಕೂತು ಹಿಂದಿನ ದಿನದ ಫೊಕಾಚ್ಚಾ ರೊಟ್ಟಿ ತಿಂದು ನೀರು ಕುಡಿದೆವು. ತಿರುಗಿ ನೋಡಿದರೆ ಮನರೋಲಾ ಅಂಗೈಯಷ್ಟು ಸಣ್ಣದಾಗಿ ಕೆಳಗಿತ್ತು.

ವೊಲಾಸ್ತ್ರಾ ದಾಟಿದ ಮೇಲೆ ದಾರಿ ದ್ರಾಕ್ಷಿ ತೋಟದ ಒಳಗೇ ಹೋಗುತ್ತದೆ. ತೋಟ ಅಂದರೆ ಎರಡು ಮಾರು ಅಗಲದ ಪಟ್ಟಿ. ಅದರ ಕೆಳಗೆ ಒಂದು ಕಲ್ಲಿನ ಗೋಡೆ. ಗೋಡೆಯ ಬುಡದಲ್ಲಿ ಇನ್ನೊಂದು ಪಟ್ಟಿ, ಅದರ ಕೆಳಗೆ ಇನ್ನೊಂದು ಗೋಡೆ. ಹೀಗೆ ಗುಡ್ಡದ ತಲೆಯಿಂದ ಸಮುದ್ರದವರೆಗೂ. ಎಲ್ಲವೂ ಗಾರೆಯಿಲ್ಲದ ಗೋಡೆ. ಮಣ್ಣಿಲ್ಲ, ಸುಣ್ಣವಿಲ್ಲ, ಸಿಮೆಂಟಂತೂ ಇಲ್ಲವೇ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು ಅಷ್ಟೇ. ಹತ್ತಿರ ಹತ್ತಿರ ಸಾವಿರ ವರ್ಷದಿಂದ ಹೀಗೆ ಕಟ್ಟುತ್ತಾ ಬಂದಿದ್ದಾರಂತೆ. ಎಲ್ಲ ಗೋಡೆಯನ್ನೂ ಸಾಲಾಗಿ ಜೋಡಿಸಿದರೆ ಸಾವಿರಾರು ಕಿಲೋಮೀಟರ್ ಆಗುತ್ತದೆ ಅನ್ನುತ್ತಾರೆ. ನಾಲ್ಕು ಗಂಟೆ ಅದರ ಅಂಚಿನಲ್ಲೇ ನಡೆದ ನಾನು ಅದನ್ನು ನಂಬುತ್ತೇನೆ.

ಅಲ್ಲಿ ಒಂದು ಕಡೆ ಗೋಡೆ ಜರಿದಿತ್ತು. ಮೂರು ಮಾರಿನಷ್ಟು ಉದ್ದ. ಎಪ್ಪತ್ತು ದಾಟಿದ ಒಬ್ಬ ಅಜ್ಜ, ಜೊತೆಗೆ ಅವರ ಮೊಮ್ಮಗ, ಇಬ್ಬರೂ ಸೇರಿ ಅದನ್ನು ಕಟ್ಟುತ್ತಿದ್ದರು. ಹುಡುಗನಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ನಿಂತು ನೋಡಿದೆ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, ನನಗೆ ಕಾಲು ಮುಂದೆ ಹೋಗಲಿಲ್ಲ. ಕೊನೆಗೆ ಹುಡುಗ ನಕ್ಕು, ಸಣ್ಣ ಕಲ್ಲಿನ ಬುಟ್ಟಿ ಎತ್ತಿ ಕೊಡುತ್ತೀರಾ ಅಂತ ಕೇಳಿದ. ಬ್ಯಾಗ್ ಇಳಿಸಿಯೇ ಬಿಟ್ಟೆ. ಹೆಂಡತಿ ನೆರಳಲ್ಲಿ ಕೂತಳು.

ಗೆಳೆಯಾ, ಆ ಅಜ್ಜ ಕಲ್ಲು ಆರಿಸುವುದನ್ನು ನೀನು ನೋಡಬೇಕಿತ್ತು. ರಾಶಿಯ ಮುಂದೆ ನಿಂತು ಮೊದಲು ಕಣ್ಣಲ್ಲೇ ಹುಡುಕುತ್ತಾರೆ. ಎತ್ತಿದ ಕಲ್ಲನ್ನು ಮತ್ತೆ ಕೆಳಗೆ ಹಾಕಿದ್ದು ನಾನು ಕಾಣಲಿಲ್ಲ. ಕೈಯಲ್ಲಿ ಒಮ್ಮೆ ತಿರುಗಿಸಿ, ಅಗಲದ ಮುಖ ಕೆಳಗೆ ಮಾಡಿ, ಉದ್ದನೆಯ ಬಾಲ ಗುಡ್ಡದ ಒಳಗೆ ಹೋಗುವಂತೆ ಇಡುತ್ತಾರೆ. ಆಮೇಲೆ ಅಂಗೈಯಿಂದ ಒತ್ತಿ ಅಲುಗಾಡಿಸುತ್ತಾರೆ. ಅಲುಗಿದರೆ ಅಡಿಗೆ ಒಂದು ಚಕ್ಕೆ ಸಿಗಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಗಟ್ಟಿ ಕೂತಾಗ ಸದ್ದೇ ಬೇರೆ. ಒಂದು ತಾಸು ಕಳೆಯುವಷ್ಟರಲ್ಲಿ ನನ್ನ ಕಿವಿಗೂ ಅದು ತಿಳಿಯತೊಡಗಿತ್ತು. ಕೆಳಗಿನ ಸಾಲಿನ ಎರಡು ಕಲ್ಲು ಕೂಡುವ ಕಡೆ ಮೇಲಿನ ಸಾಲಿನ ಸಂದು ಬರಲೇಬಾರದು. ದಾರ ಕಟ್ಟಿದ್ದರು, ಅದು ನೇರ ಮೇಲಕ್ಕೆ ಇರಲಿಲ್ಲ, ಗುಡ್ಡದ ಕಡೆಗೆ ತುಸು ವಾಲಿತ್ತು. ಗೋಡೆ ಗುಡ್ಡಕ್ಕೆ ಬೆನ್ನು ಕೊಟ್ಟು ಒರಗಬೇಕು.

ನಾನು ಕೊಡುತ್ತಿದ್ದ ಬುಟ್ಟಿ ಕಲ್ಲುಗಳೆಲ್ಲ ಹೋಗುತ್ತಿದ್ದದ್ದು ಗೋಡೆಯ ಹಿಂದಕ್ಕೆ. ಮುಂದಿನ ದಪ್ಪ ಕಲ್ಲಿಗೂ ಹಿಂದಿನ ಮಣ್ಣಿಗೂ ನಡುವೆ ಒಂದು ಮೊಳ ಅಗಲಕ್ಕೆ ಬರೀ ಸಣ್ಣ ಕಲ್ಲು. ಇದು ಯಾಕೆ, ಸುಮ್ನೆ ಮಣ್ಣು ತುಂಬಿದರೆ ಆಗದಾ ಅಂತ ಕೇಳಿದೆ. ಅಜ್ಜ ಹುಡುಗನ ಕಡೆ ತಿರುಗಿ ಏನೋ ಹೇಳಿದರು. ನೀರಿಗೆ ದಾರಿ ಬಿಡಬೇಕು, ದಾರಿ ಬಿಡದಿದ್ದರೆ ಅದೇ ಮಾಡಿಕೊಳ್ಳುತ್ತದೆ ಅಂದರಂತೆ. ಮಳೆ ಬಂದಾಗ ಗುಡ್ಡದ ನೀರು ಈ ಸಣ್ಣ ಕಲ್ಲಿನೊಳಗೆ ಇಳಿದು, ಗೋಡೆಯ ಸಂದುಗಳಿಂದ ಬಸಿದು ಹೊರಗೆ ಬರುತ್ತದೆ. ಗೋಡೆಗೆ ನೀರಿನ ಭಾರ ಬೀಳುವುದೇ ಇಲ್ಲ. ಸಿಮೆಂಟು ಹಾಕಿ ಸಂದು ಮುಚ್ಚಿದರೆ ನೀರು ಹಿಂದೆಯೇ ನಿಲ್ಲುತ್ತದೆ, ಗೋಡೆ ಮೊದಲು ಹೊಟ್ಟೆ ಬಿಡುತ್ತದೆ, ಆಮೇಲೆ ಒಡೆಯುತ್ತದೆ.

ನಿನ್ನ ಗೋಡೆ ನೆನಪಾಯಿತು. ಅಷ್ಟು ದುಡ್ಡು ಹಾಕಿ ಕಟ್ಟಿಸಿದ್ದೆ. ಜುಲೈ ಮುಗಿಯುವ ಮೊದಲೇ ನಡುವೆ ಸೀಳಿತು. ಕಬ್ಬಿಣ ಕಡಿಮೆ ಹಾಕಿದ್ದಾರೆ ಅಂತ ನಾವಿಬ್ಬರೂ ಅಂದುಕೊಂಡೆವು, ಅಲ್ವಾ? ಈಗ ನನಗೆ ಅನ್ನಿಸುತ್ತದೆ, ಆ ಗೋಡೆಯಲ್ಲಿ ಒಂದೇ ಒಂದು ತೂತು ಬಿಟ್ಟಿರಲಿಲ್ಲ.

ಹೊರಡುವಾಗ ಅಜ್ಜ ಒಂದು ಗೊಂಚಲು ದ್ರಾಕ್ಷಿ ಕೊಯ್ದು ಕೊಟ್ಟರು. ಬಿಳಿ ದ್ರಾಕ್ಷಿ, ಬಿಸಿಲಿಗೆ ಬೆಚ್ಚಗಿತ್ತು. ಕೊಯ್ಲಿನ ಕಾಲ ಅದು. ಒಳ್ಳೆಯ ಗೊಂಚಲುಗಳನ್ನು ನೆರಳಲ್ಲಿ ವಾರಗಟ್ಟಲೆ ಒಣಗಿಸಿ ಶಾಕ್ಕೆತ್ರಾ ಅನ್ನುವ ಸಿಹಿ ವೈನ್ ಮಾಡುತ್ತಾರೆ. ಕ್ರೇಟುಗಳನ್ನು ಗುಡ್ಡ ಹತ್ತಿಸಲು ಈಗ ಒಂಟಿ ಹಳಿಯ ಪುಟ್ಟ ಬಂಡಿ ಇದೆ. ಹಿಂದೆ ಎಲ್ಲವೂ ತಲೆ ಹೊರೆ, ಹೆಗಲ ಹೊರೆ. ಇಷ್ಟು ಕಷ್ಟದ ಬೇಸಾಯ ಯಾರಿಗೆ ಬೇಕು ಹೇಳು. ಮಕ್ಕಳು ಊರು ಬಿಟ್ಟರು, ಉಳಿದವರು ರೂಮು ಬಾಡಿಗೆಗೆ ಕೊಡುತ್ತಾರೆ. ನಾವು ನಡೆದ ದಾರಿಯಲ್ಲೇ ಎಷ್ಟೋ ಪಟ್ಟಿಗಳು ಮುಳ್ಳು ಬೆಳೆದು ಮುಚ್ಚಿಹೋಗಿದ್ದವು. ನೋಡುವವರಿಲ್ಲದ ಗೋಡೆ ಒಂದು ಕಲ್ಲಿನಿಂದ ಜರಿಯಲು ಶುರುವಾಗುತ್ತದೆ. ಈ ಊರುಗಳನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ ಇಟಲಿಯೂ ಸೇರಿ 8 ದೇಶಗಳ ಈ ಗಾರೆಯಿಲ್ಲದ ಗೋಡೆಯ ಕಸುಬನ್ನೂ ತನ್ನ ಇನ್ನೊಂದು ಪಟ್ಟಿಗೆ, ಅಮೂರ್ತ ಪರಂಪರೆಯ ಪಟ್ಟಿಗೆ, ಹಾಕಿತು. ಆದರೂ ಕಲ್ಲು ಎತ್ತುವ ಕೈ ಬೇಕಲ್ಲ. ಆ ಹುಡುಗ ವಾರಕ್ಕೆ ಎರಡು ದಿನ ಅಜ್ಜನ ಜೊತೆ ಇರುತ್ತಾನಂತೆ. ಕೇಳಿ ಖುಷಿಯಾಯಿತು.

ಆ ರಾತ್ರಿ ಕೊರ್ನೀಲಿಯಾದಲ್ಲಿ ಉಳಿದೆವು. ಐದರಲ್ಲಿ ಅದೊಂದೇ ಗುಡ್ಡದ ಮೇಲಿರುವ ಊರು. ಸ್ಟೇಶನ್ನಿನಿಂದ 382 ಮೆಟ್ಟಿಲು. ಮನೆಯೊಡತಿ ನಮ್ಮ ಎದುರೇ ಅಮೃತಶಿಲೆಯ ಒರಳಿನಲ್ಲಿ ಪೆಸ್ತೊ ಕುಟ್ಟಿದರು. ಪೆಸ್ತೊ ಅಂದರೇ ಕುಟ್ಟಿದ್ದು ಅಂತ ಅರ್ಥ. ಹಾಕುವ ಸೊಪ್ಪು ಯಾವುದು ಗೊತ್ತಾ? ನಮ್ಮ ಕಾಮಕಸ್ತೂರಿ! ಎಲೆ ಸ್ವಲ್ಪ ದೊಡ್ಡದು, ವಾಸನೆ ಅದೇ. ಬೆಳ್ಳುಳ್ಳಿ, ಪೈನ್ ಬೀಜ, ಕಲ್ಲುಪ್ಪು, ಚೀಸು, ಆಲಿವ್ ಎಣ್ಣೆ. ಬೆಳ್ಳುಳ್ಳಿ ಮುಟ್ಟದ ನಿನ್ನ ಅಮ್ಮನಿಗೆ ಆಗಲಿಕ್ಕಿಲ್ಲ, ನಿನಗಂತೂ ಖಂಡಿತ ಸೇರುತ್ತದೆ. ಫಾರಿನಾತಾ ಅಂತ ಇನ್ನೊಂದಿದೆ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಅಗಲವಾದ ತಟ್ಟೆಗೆ ಹೊಯ್ದು, ಉರಿಯುವ ಒಲೆಯೊಳಗೆ ಇಡುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ನನ್ನ ಹೆಂಡತಿ ಎರಡು ಸಲ ಹಾಕಿಸಿಕೊಂಡಳು.

ಮೂರನೇ ದಿನ ವೆರ್ನಾತ್ಸಾಕ್ಕೆ ಇಳಿದೆವು. ಒಂದೂವರೆ ಗಂಟೆ ನಡಿಗೆ. ಕೊನೆಯ ತಿರುವಿನಲ್ಲಿ ಊರು, ಕೋಟೆಯ ಗೋಪುರ, ನೀರಿನ ಅಂಚಿಗೇ ನಿಂತ ಚರ್ಚು, ಎಲ್ಲ ಒಟ್ಟಿಗೆ ಕಾಣುತ್ತದೆ. ಮಧ್ಯಾಹ್ನ ಮಾತ್ರ ಹಡಗಿನಿಂದ ಬಂದ ಜನ ತುಂಬಿ ಕಾಲಿಡಲೂ ಜಾಗವಿರಲಿಲ್ಲ. ಸಂಜೆ ಹೊತ್ತಿಗೆ ಮೋಡ ಕಟ್ಟಿತು. ಮರುದಿನ ಮಳೆಯ ಎಚ್ಚರಿಕೆ ಬಂದು ಕಾಲುದಾರಿಗಳನ್ನೆಲ್ಲ ಮುಚ್ಚಿಬಿಟ್ಟರು. ನಮ್ಮ ಕೆಳಗಿನ ಅಂಗಡಿಯವ ಬಾಗಿಲಿಗೆ ಅಡ್ಡಲಾಗಿ ತಗಡಿನ ಹಲಗೆ ಸಿಗಿಸಿ ಬಿಗಿ ಮಾಡುತ್ತಿದ್ದ. ಇಷ್ಟು ಸಣ್ಣ ಮಳೆಗಾ ಅಂದುಕೊಂಡೆ. ಆಮೇಲೆ ಹೇಳಿದ.

2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳ ಮಳೆಗೆ ಗುಡ್ಡದ ಮಣ್ಣು, ಕಲ್ಲು, ಮರ ಎಲ್ಲ ಈ ಬೀದಿಗೇ ಬಂದಿತ್ತು. ಈ ಊರಿನ ಮೂವರು ಹೋದರು. ಮೊಂತೆರೊಸ್ಸೊದಲ್ಲಿ ಒಬ್ಬರು. ಅಂಗಡಿಗಳು ಮಾಡಿನವರೆಗೂ ಕೆಸರಿನಲ್ಲಿ ಹೂತಿದ್ದವು. ಮಳೆ ವಿಪರೀತವೇ ಇತ್ತು, ನಿಜ. ಮೇಲಿನ ಗೋಡೆಗಳನ್ನು ಯಾರೂ ನೋಡದೆ ಬಿಟ್ಟಿದ್ದೂ ಸೇರಿಕೊಂಡಿತು ಅಂದ. ಕಿಟಕಿಯ ಹತ್ತಿರ ಕೂತು ಮಳೆ ನೋಡುತ್ತಾ ನನಗೆ ನಮ್ಮ ಶಿರೂರು ಕಣ್ಣಿಗೆ ಬಂತು. 2024ರ ಜುಲೈ 16ರ ಬೆಳಿಗ್ಗೆ ನೀನೇ ಫೋನ್ ಮಾಡಿ ಹೇಳಿದ್ದೆ, ಗುಡ್ಡ ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಇಳಿದಿದೆ ಅಂತ. ಆಗ ನಿನ್ನ ದನಿ ಹೇಗಿತ್ತೋ, ಈ ಅಂಗಡಿಯವನ ದನಿಯೂ ಹಾಗೇ ಇತ್ತು.

ಮಾರನೇ ದಿನ ದಾರಿ ತೆರೆದರು. ಮೊಂತೆರೊಸ್ಸೊವರೆಗಿನ ಎರಡು ಗಂಟೆ ದಾರಿಯಲ್ಲಿ ನಾನು ಸಮುದ್ರ ನೋಡಿದ್ದು ಕಡಿಮೆ. ಮಳೆ ನಿಂತು ಒಂದು ರಾತ್ರಿ ಕಳೆದಿತ್ತು, ಆದರೂ ಗೋಡೆಗಳ ಸಂದುಗಳಿಂದ ನೀರು ಸಣ್ಣ ಸಣ್ಣ ಎಳೆಯಾಗಿ ಬಸಿಯುತ್ತಲೇ ಇತ್ತು. ಒಂದು ಕಡೆ ಕೈ ಒಡ್ಡಿದೆ. ತಣ್ಣಗಿನ, ತಿಳಿ ನೀರು. ಮಣ್ಣಿನ ಒಂದು ಕಣವೂ ಇರಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ, ಎರಡು ವಾರ ರಜೆ ಇದೆ. ಒಡೆದ ಗೋಡೆಯ ಮೇಲೆ ಮತ್ತೆ ಸಿಮೆಂಟು ಬಳಿಸಬೇಡ, ನಾನು ಬರುವವರೆಗೆ ಹಾಗೇ ಇರಲಿ. ನಿನ್ನ ಅಜ್ಜನ ಕಾಲದಲ್ಲಿ ತೋಟದ ಕೆಳಗಿನ ಕಟ್ಟಣೆ ಕಟ್ಟಿದವರ ಮನೆಯಲ್ಲಿ ಕೆಲಸ ಬಲ್ಲವರು ಯಾರಾದರೂ ಇದ್ದಾರಾ, ವಿಚಾರಿಸಿ ಇಡು. ಅವರು ಹೇಳಿದಂತೆ ಕಟ್ಟೋಣ. ಕಾಡುಗಲ್ಲು ಎರಡು ಲೋಡು ತರಿಸು, ಸಣ್ಣ ಕಲ್ಲು ಇನ್ನೂ ಜಾಸ್ತಿಯೇ ಬೇಕು. ಬುಟ್ಟಿ ಹೊರುವ ಕೆಲಸ ನನ್ನದು.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ
ಗೆಳೆಯ